ವೈದ್ಯರ ಕರೆ: ಒಂದು ರಸವಿಚಾರ

ಕಾಯುವುದು ಕಾವ್ಯಕ್ಕೆ ಹೊಸ ವಸ್ತುವಲ್ಲ. ವಿರಹಿಣಿಯು ನಲ್ಲನಿಗಾಗಿ ಕಾದಳು. ಯಕ್ಷನು ಶಾಪಾಂತ್ಯಕ್ಕಾಗಿ ಕಾದನು. ಒಕ್ಕಲಿಗನು ಮಳೆಗಾಗಿ ಕಾದನು. ಇವರೆಲ್ಲರಿಗೂ ತಕ್ಕ ಕವಿಗಳು ದೊರೆತರು. ಆದರೆ ಈಚಿನ ಕಾಲದಲ್ಲಿ ಮನೆಮನೆಗೂ ಪರಿಚಿತವಾಗಿರುವ ಕಾಯುವಿಕೆಯೊಂದುಂಟು. ದೇಹದಲ್ಲಿ ಕಂಡ ಒಂದು ಗಂಟಿನಿಂದ ಕಾಳಿನಷ್ಟು ಮಾಂಸವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ ಮೇಲೆ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ವೈದ್ಯರ ಮಾತು ದೂರವಾಣಿಯಲ್ಲಿ ಬರುವವರೆಗೆ ಮನೆಮಂದಿಯೆಲ್ಲ ಬಾಯಿ ಕಟ್ಟಿಕೊಂಡು ಕುಳಿತಿರುವ ಏಳೆಂಟು ದಿನಗಳ ಕಾಯುವಿಕೆಯೇ ಅದು. ಈ ದಿನಗಳ ಸ್ವರೂಪವೇನು, ಇವುಗಳಿಗೆ ಯಾವ ಭಾವವು ಸಲ್ಲುತ್ತದೆ, ಇವುಗಳನ್ನು ಚಿತ್ರಿಸುವ ಲೇಖಕನು ಎಲ್ಲಿ ಎಡವುತ್ತಾನೆ ಎಂಬ ವಿಚಾರವು ವಿಮರ್ಶೆಗೆ ಅರ್ಹವಾದುದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ರೋಗಿಗೆ ಈ ಮಾತು ಸಾಮಾನ್ಯವಾಗಿ ಹೊರಗಿನಿಂದಲೇ ಬರತಕ್ಕದ್ದು. ಒಬ್ಬರು ದಾವಣಗೆರೆಗೆ ಹೋದರೆ ಮತ್ತೊಬ್ಬರು ಬಳ್ಳಾರಿಗೆ, ಇನ್ನೊಬ್ಬರು ಹುಬ್ಬಳ್ಳಿಗೆ ಹೋಗುವರು. ಎಲ್ಲಿಯೂ ನಿಲ್ಲದ ಪ್ರಶ್ನೆಯು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯನ್ನು ಮುಟ್ಟುವುದು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಹೆಸರು ಮೂರು ಸಲ ಬದಲಾದರೂ ರೋಗಿಯು ಹತ್ತುವ ಬಸ್ಸು ಬದಲಾಗಲಿಲ್ಲ.

ತಡವೇಕೆ ಎಂಬುದನ್ನು ತಿಳಿಯದೆ ಈ ವಸ್ತುವನ್ನು ಬರೆಯಹೊರಡುವುದು ತರವಲ್ಲ. ತೆಗೆದ ಮಾಂಸಖಂಡವನ್ನು ಮೊದಲು ಫಾರ್ಮಲಿನ್ ದ್ರವದಲ್ಲಿಟ್ಟು ಕೆಡದಂತೆ ಬಿಗಿಗೊಳಿಸುತ್ತಾರೆ. ಆ ಮೇಲೆ ಅದರ ನೀರಿನಂಶವನ್ನು ತೆಗೆದು, ಕರಗಿಸಿದ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾಗಿ ಆ ಅಚ್ಚನ್ನು ಯಂತ್ರದಿಂದ ಸೀಳಿ, ಗಾಜಿನ ಮೇಲೆ ಹರಡಿ, ಜೀವಕೋಶದ ತಿರುಳು ನೀಲಿಯಾಗಿಯೂ ಉಳಿದ ಭಾಗ ನಸುಗೆಂಪಾಗಿಯೂ ಕಾಣುವಂತೆ ಬಣ್ಣ ಕಟ್ಟುತ್ತಾರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವನು ರೋಗಿಯನ್ನು ಎಂದೂ ಕಂಡವನಲ್ಲ. ರೋಗಿಗೆ ಕರೆ ಮಾಡಿ ಹೇಳುವ ವೈದ್ಯನು ಅನೇಕ ವೇಳೆ ಆ ಗಾಜನ್ನು ಕಂಡವನಲ್ಲ. ಸಂಶಯವುಳಿದರೆ ಬೇರೆ ಬಣ್ಣಗಳಿಂದ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಆಗ ದಿನಗಳು ಇನ್ನೂ ಬೆಳೆಯುತ್ತವೆ. ಆದುದರಿಂದ ತಡವಾಯಿತೆಂದ ಮಾತ್ರಕ್ಕೆ ಕೇಡೆಂದೂ ಅಲ್ಲ, ಒಳಿತೆಂದೂ ಅಲ್ಲ. ಕಾಯುವವರು ಮಾತ್ರ ಪ್ರತಿಯೊಂದು ದಿನದ ತಡಕ್ಕೂ ಅರ್ಥ ಹಚ್ಚದೆ ಬಿಡರು. ಕಥೆಯ ಬೀಜವು ಇಲ್ಲಿಯೇ ಇದೆ.

ಇನ್ನು ರಸದ ಮಾತು. ಇಷ್ಟವಿಯೋಗದಿಂದ ಹುಟ್ಟುವ ಎರಡು ರಸಗಳನ್ನು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಬಹು ಸೂಕ್ಷ್ಮವಾಗಿ ಬೇರ್ಪಡಿಸಿದ್ದಾನೆ. ಕರುಣವು ನಿರಪೇಕ್ಷವಾದುದು, ಎಂದರೆ ಮರಳಿ ಪಡೆಯುವ ಆಸೆಯೇ ಅಳಿದು ಹೋದುದು. ವಿಪ್ರಲಂಭವು ಸಾಪೇಕ್ಷವಾದುದು, ಅದರಲ್ಲಿ ಔತ್ಸುಕ್ಯವೂ ಚಿಂತೆಯೂ ಇನ್ನೂ ಉಸಿರಾಡುತ್ತವೆ. ಪಾಠಶಾಲೆಗಳಲ್ಲಿ ಈ ಭೇದವನ್ನು ಶೃಂಗಾರದ ಸಂದರ್ಭದಲ್ಲಿ ಹೇಳಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಅದರ ನಿಜವಾದ ಬೆಲೆಯು ಶೃಂಗಾರದ ಹೊರಗೆ ತಿಳಿಯುತ್ತದೆ. ವೈದ್ಯರ ಕರೆಗಾಗಿ ಕಾಯುವ ಮನೆಯಲ್ಲಿ ಇನ್ನೂ ಏನೂ ಅಳಿದಿಲ್ಲ, ಅಲ್ಲಿಯದು ಸಾಪೇಕ್ಷಭಾವ. ಅಲ್ಲಿಗೆ ಕರುಣವನ್ನು ತರುವುದು ರಸದೋಷ.

ಈ ದೋಷವೇ ಕನ್ನಡದ ಎಷ್ಟೋ ಕಥೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನಾಟಕ ಚಲಚ್ಚಿತ್ರಗಳಲ್ಲಿ ಕಾಣುತ್ತದೆ. ವೈದ್ಯನು ಕನ್ನಡಕವನ್ನು ತೆಗೆಯುತ್ತಾನೆ; ಹಿನ್ನೆಲೆಯಲ್ಲಿ ಪಿಟೀಲು ಅಳತೊಡಗುತ್ತದೆ; ಫಲವೇನೆಂದು ರೋಗಿಗಿಂತ ಮೊದಲು ಪ್ರೇಕ್ಷಕನಿಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಶೋಕವೇ. ಕಾಯುವ ದಿನಗಳನ್ನು ಲೇಖಕನು ಮೆಟ್ಟಿಲಿನಂತೆ ತುಳಿದು ದಾಟಿ ಮರಣಶಯ್ಯೆಯನ್ನು ಸೇರಿಬಿಡುತ್ತಾನೆ. ಮರಣವನ್ನು ವರ್ಣಿಸುವುದು ಸುಲಭ, ಅದಕ್ಕೆ ಸಿದ್ಧವಾದ ಶಬ್ದಗಳಿವೆ. ಆದರೆ ಇನ್ನೂ ತಿಳಿಯದ ಒಂದು ಮಂಗಳವಾರದ ಮಧ್ಯಾಹ್ನವನ್ನು, ರೊಟ್ಟಿ ಬಡಿಯುವ ಸದ್ದು ನಿಂತರೂ ಎಲ್ಲರೂ ಬೆಚ್ಚುವ ಆ ಮಧ್ಯಾಹ್ನವನ್ನು ಬರೆಯುವುದು ಕಷ್ಟ.

ಆ ಮಧ್ಯಾಹ್ನಕ್ಕೆ ತಕ್ಕ ಹೆಸರು ಭರತನಲ್ಲಿಯೇ ಇದೆ. ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಶಂಕೆಯೂ ಒಂದು. ಅದರ ಅನುಭಾವಗಳು ಇವು: ಮತ್ತೆ ಮತ್ತೆ ಅತ್ತಿತ್ತ ನೋಡುವುದು, ಬಾಯಾರುವುದು, ನಾಲಗೆಯಿಂದ ತುಟಿಯನ್ನು ನೆಕ್ಕುವುದು, ಮುಖದ ಬಣ್ಣಗೆಡುವುದು, ದನಿ ಒಡೆಯುವುದು, ನಡುಗುವುದು. ದೂರವಾಣಿಯನ್ನು ಮಂಚದ ಮೇಲಿಟ್ಟು ಸುತ್ತ ಕುಳಿತ ಮನೆಯವರನ್ನು ಯಾರಾದರೂ ನೋಡಿ ಬರೆದಂತಿದೆ ಈ ಪಟ್ಟಿ. ಇದಕ್ಕಿಂತಲೂ ಗಮನಿಸತಕ್ಕದ್ದು ಶಂಕೆಗೆ ಹೇಳಿದ ವಿಭಾವ. ಕಳ್ಳತನ, ರಾಜಾಪರಾಧ, ಪಾಪಕರ್ಮ ಇವುಗಳಿಂದ ಶಂಕೆಯು ಹುಟ್ಟುವುದೆಂದು ಮುನಿಯ ಮತ. ಎಂದರೆ ಇದು ತಪ್ಪಿತಸ್ಥನ ಭಾವ. ರೋಗಿಯು ಯಾವ ತಪ್ಪನ್ನೂ ಮಾಡಿದವನಲ್ಲ. ಆದರೂ ಅವನಲ್ಲಿ ಏಳುವುದು ತಪ್ಪಿತಸ್ಥನ ಶಂಕೆಯೇ. ಎಲೆಯಡಿಕೆಯೊಡನೆ ಕಡ್ಡಿಪುಡಿ ಹಾಕಿದೆನಲ್ಲ ಎಂದು ಒಬ್ಬನು, ಗಂಟು ಕಂಡು ವರ್ಷವಾದರೂ ಯಾರಿಗೂ ಹೇಳಲಿಲ್ಲವಲ್ಲ ಎಂದು ಒಬ್ಬಳು, ಹಿಂದಿನ ಜನ್ಮದ್ದೆಂದು ಮತ್ತೊಬ್ಬರು ಅಪರಾಧವನ್ನು ಹುಡುಕುತ್ತಾರೆ. ತಂಬಾಕಿಗೂ ಬಾಯಿಯ ಕ್ಯಾನ್ಸರಿಗೂ ಸಂಬಂಧವಿರುವುದು ವೈದ್ಯಶಾಸ್ತ್ರಕ್ಕೆ ಸಿದ್ಧವಾದ ಸಂಗತಿ. ಆದರೆ ತಂಬಾಕನ್ನೇ ಮುಟ್ಟದವರೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುವರಾದುದರಿಂದ, ಇದರ ಮೂಲವು ಕಾರಣದಲ್ಲಿಲ್ಲ, ಕಾಯುವುದರಲ್ಲಿಯೇ ಇದೆ ಎನ್ನಬೇಕಾಗುತ್ತದೆ.

ಟಾಲ್‌ಸ್ಟಾಯ್ ಮಹಾಶಯನು ಇದನ್ನು ಕಂಡುಹಿಡಿದನು. 1886ರಲ್ಲಿ ಪ್ರಕಟವಾದ ಇವಾನ್ ಇಲಿಚನ ಮರಣದ ಕಥೆಯಲ್ಲಿ ನಾಯಕನು ನ್ಯಾಯಾಧಿಕಾರಿ. ಅವನು ಹೆಸರಾಂತ ವೈದ್ಯನೊಬ್ಬನ ಮುಂದೆ ಕುಳಿತಾಗ, ತಾನು ನ್ಯಾಯಾಲಯದಲ್ಲಿ ಆಪಾದಿತರ ಮುಂದೆ ತಾಳುತ್ತಿದ್ದ ಗಾಂಭೀರ್ಯವನ್ನೇ ಆ ವೈದ್ಯನು ತನ್ನ ಮುಂದೆ ತಾಳಿರುವುದನ್ನು ಗುರುತಿಸುತ್ತಾನೆ. ಮನೆಗೆ ಮರಳುವ ದಾರಿಯುದ್ದಕ್ಕೂ ವೈದ್ಯನ ಶಾಸ್ತ್ರೀಯ ಪದಗಳನ್ನು ಸಾಮಾನ್ಯ ಮಾತಿಗೆ ತಿರುಗಿಸಲು ಹೆಣಗುತ್ತಾನೆ. ಅವನಿಗೆ ಬೇಕಾದುದು ಒಂದೇ, ತನ್ನ ಸ್ಥಿತಿ ಕೆಟ್ಟದ್ದೋ ಅಲ್ಲವೋ ಎಂಬುದು. ರಷ್ಯದ ಆ ಗಾಡಿಯಲ್ಲಿ ನಡೆದ ಅನುವಾದವೇ ಇಂದು ಹೊಸಪೇಟೆಯಿಂದ ಕೂಡ್ಲಿಗಿಗೆ ಬರುವ ಬಸ್ಸಿನಲ್ಲಿಯೂ ನಡೆಯುತ್ತದೆ. ಅಂತರವಿಷ್ಟೆ: ಇಲ್ಲಿಯ ರೋಗಿಯು ಎರಡು ಸಲ ಅನುವಾದ ಮಾಡಬೇಕು, ಇಂಗ್ಲಿಷಿನಿಂದ ಕನ್ನಡಕ್ಕೊಮ್ಮೆ, ಶಾಸ್ತ್ರದಿಂದ ಬದುಕಿಗೊಮ್ಮೆ.

ಹಾಗೆಂದು ಪರದೇಶದ ಕಥೆಗೇ ಹೋಗಬೇಕಾಗಿಲ್ಲ. ವಾರ್ತೆಗಾಗಿ ಕಾಯುವುದರ ಆದಿಕಾವ್ಯವು ಇದೇ ಜಿಲ್ಲೆಯ ಬಂಡೆಗಳ ಮೇಲೆ ನಡೆಯಿತೆಂದು ಜನರು ನಂಬಿದ್ದಾರೆ. ಹಂಪೆಯ ಮಾಲ್ಯವಂತ ಬೆಟ್ಟದಲ್ಲಿ ಶ್ರೀರಾಮನು ಮಳೆಗಾಲದ ನಾಲ್ಕು ತಿಂಗಳು ಸೀತೆಯ ಸುದ್ದಿಯಿಲ್ಲದೆ ಕಳೆದನೆಂಬ ಪ್ರತೀತಿಯಿಂದ ಅಲ್ಲಿ ರಘುನಾಥನ ಗುಡಿಯಿದೆ. ವಾಲ್ಮೀಕಿಯು ಈ ಕಾಯುವಿಕೆಯನ್ನು ನಡೆಸಿಕೊಂಡು ಹೋಗುವ ಬಗೆಯನ್ನು ಕಥೆಗಾರರು ಓದಿ ಕಲಿಯಬೇಕು. ಸುಗ್ರೀವನು ನಾಲ್ಕು ದಿಕ್ಕಿಗೂ ಕಪಿಗಳನ್ನು ಕಳುಹಿಸಿ ಒಂದು ತಿಂಗಳ ಅವಧಿಯನ್ನು ವಿಧಿಸುತ್ತಾನೆ. ಪೂರ್ವ, ಪಶ್ಚಿಮ, ಉತ್ತರಗಳಿಗೆ ಹೋದವರು ತಿಂಗಳು ತುಂಬುತ್ತಲೆ ಬರಿಗೈಯಲ್ಲಿ ಮರಳುತ್ತಾರೆ. ದಕ್ಷಿಣಕ್ಕೆ ಹೋದವರು ಮಾತ್ರ ಅವಧಿ ಮೀರಿದರೂ ಬರುವುದಿಲ್ಲ. ಮೂರು ‘ಇಲ್ಲ’ಗಳೂ ಒಂದು ಮೌನವೂ ರಾಮನ ಮುಂದಿವೆ. ಆ ಮೌನವನ್ನು ಆಸೆಯೆಂದು ಓದಬೇಕೋ, ಕೇಡೆಂದು ಓದಬೇಕೋ? ಪರೀಕ್ಷೆಯ ಫಲವು ಹೇಳಿದ ದಿನಕ್ಕೆ ಬಾರದಿದ್ದಾಗ ಮನೆಯವರು ಎದುರಿಸುವ ಪ್ರಶ್ನೆಯೂ ಇದೇ ಅಲ್ಲವೆ?

ಅಲ್ಲಿಂದ ಮುಂದಿನ ಸರ್ಗಗಳು ಸಂಕೇತಗಳನ್ನು ಓದುವ ಸರ್ಗಗಳು. ಹನುಮಂತನು ಕಡಲನ್ನು ದಾಟಿ ಮರಳುವಾಗ ಮಾಡಿದ ಗರ್ಜನೆಯನ್ನು ಕೇಳಿಯೇ, ಕಾರ್ಯವು ಕೈಗೂಡದಿದ್ದರೆ ಆ ದನಿ ಹಾಗಿರುತ್ತಿರಲಿಲ್ಲವೆಂದು ಜಾಂಬವಂತನು ನಿಶ್ಚಯಿಸುತ್ತಾನೆ. ಕಪಿಗಳು ಮಧುವನಕ್ಕೆ ನುಗ್ಗಿ ಹಾಳುಗೆಡವಿದರೆಂದು ಕಾವಲಿನ ದಧಿಮುಖನು ದೂರು ತಂದಾಗ ಸುಗ್ರೀವನು ಸಿಟ್ಟಾಗುವ ಬದಲು ಹಿಗ್ಗುತ್ತಾನೆ. ಸೀತೆಯನ್ನು ಕಾಣದೆ ಬಂದವರಿಗೆ ಇಂಥ ಧೈರ್ಯ ಬಾರದೆಂಬುದು ಅವನ ತರ್ಕ. ವಾರ್ತೆಗಿಂತ ಮೊದಲೇ ದನಿಯಲ್ಲಿ, ನಡತೆಯಲ್ಲಿ ವಾರ್ತೆಯ ನೆರಳು ಬರುತ್ತದೆ. ದೂರವಾಣಿಯನ್ನೆತ್ತಿದ ಮಗನು ‘ಹೂಂ ಸರ್’ ಎಂದ ಧಾಟಿಯಿಂದಲೇ ಒಳಮನೆಯಲ್ಲಿ ಕುಳಿತ ತಾಯಿಯು ಅರ್ಥಮಾಡಿಕೊಳ್ಳುವುದು ಜಾಂಬವಂತನ ವಿದ್ಯೆಯೇ.

ಇನ್ನೂ ಒಂದು ಸ್ಥಳವಿದೆ, ಅದು ವೈದ್ಯರಾದವರೆಲ್ಲ ಓದತಕ್ಕದ್ದು. ಲಂಕೆಯಲ್ಲಿ ಎಷ್ಟು ಹುಡುಕಿದರೂ ಸೀತೆಯು ಕಾಣದಿದ್ದಾಗ ಹನುಮಂತನು ಚಿಂತೆಗೊಳಗಾಗುತ್ತಾನೆ. ಕಾಣಲಿಲ್ಲವೆಂದು ಹೋಗಿ ತಿಳಿಸಿದರೆ ರಾಮನು ಉಳಿಯಲಾರನು. ತಿಳಿಸದೆ ಇಲ್ಲಿಯೇ ನಿಂತರೆ ಅದೂ ಅನ್ಯಾಯವಾಗುತ್ತದೆ. ಎರಡು ಕಡೆಯೂ ಹಾನಿಯನ್ನೇ ಕಂಡು ಆ ವೀರನು ತತ್ತರಿಸುತ್ತಾನೆ. ಕೆಟ್ಟ ಸುದ್ದಿಯನ್ನು ಒಯ್ಯುವವನ ಸಂಕಟವನ್ನು ಇಷ್ಟು ಹಿಂದೆಯೇ ಆದಿಕವಿಯು ಕಂಡಿದ್ದನು. ಕೇಳುವವನೊಬ್ಬನೇ ನೋಯುತ್ತಾನೆಂದು ತಿಳಿದು ಬರೆದ ಕಥೆಗಳಲ್ಲಿ ವೈದ್ಯನು ಬರಿಯ ಬಿಳಿಯ ಅಂಗಿಯಾಗಿ ಉಳಿದುಬಿಡುತ್ತಾನೆ.

ಕೊನೆಗೆ ಸೀತೆಯನ್ನು ಕಂಡು ಬಂದ ಹನುಮಂತನು ಗೆಳೆಯರಿಗೆ ಹೇಳಿದ ಮಾತು. ಪ್ರವಚನಕಾರರು ಇಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಅವನು ‘ಸೀತೆ’ ಎಂಬ ಹೆಸರಿನಿಂದ ಆರಂಭಿಸಲಿಲ್ಲ, ಕಂಡೆನೆಂಬ ಅರ್ಥದ ಪದವನ್ನೇ ಮೊದಲಿಟ್ಟನು. ಹೆಸರನ್ನು ಮೊದಲು ಹೇಳಿದ್ದರೆ, ಹೆಸರಿಗೂ ಕ್ರಿಯೆಗೂ ನಡುವಣ ಆ ಅರೆಕ್ಷಣದಲ್ಲಿ ಕೇಳುವವರ ಎದೆ ಒಡೆಯುತ್ತಿತ್ತು. ತಮಿಳಿನ ಕಂಬನು ಈ ಸೊಬಗನ್ನು ರಾಮನ ಸನ್ನಿಧಿಗೇ ತಂದು, ಹನುಮಂತನ ಬಾಯಿಂದ ಮೊದಲು ಹೊರಡುವ ಪದವನ್ನೇ ‘ಕಂಡೆ’ ಎಂಬುದಾಗಿ ಮಾಡಿದನು. ಇದು ಬರಿಯ ವ್ಯಾಕರಣದ ಚಮತ್ಕಾರವಲ್ಲ. ಪದಗಳ ಕ್ರಮವೂ ದಯೆಯ ಒಂದು ಬಗೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯದು. ಮೇಲಾಗಿ ಹನುಮಂತನಲ್ಲಿ ಕಂಡವನೂ ಹೇಳುವವನೂ ಒಬ್ಬನೇ. ಗಾಜನ್ನು ನೋಡುವವನೊಬ್ಬ, ಕರೆ ಮಾಡುವವನೊಬ್ಬ ಆಗಿರುವ ಈ ಕಾಲದಲ್ಲಿ, ಹೇಳುವವನ ಮಾತಿಗೆ ಕಣ್ಣಿನ ಬಲವಿಲ್ಲ. ಅದಕ್ಕಾಗಿಯೇ ಆ ಮಾತು ಹೆಚ್ಚಾಗಿ ಕಾಗದದ ಮಾತಾಗಿಬಿಡುತ್ತದೆ.

ಈಗಿನ ಕರೆಯ ಪದಕ್ರಮವನ್ನು ಇದರೊಡನೆ ಹೋಲಿಸಿ ನೋಡಬಹುದು. ಸಾಮಾನ್ಯವಾಗಿ ಕೇಳಿಬರುವ ವಾಕ್ಯವಿದು: ರಿಪೋರ್ಟ್ ಬಂದಿದೆ, ಮನೆಯವರನ್ನು ಕರೆದುಕೊಂಡು ಬನ್ನಿ, ಮಾತಾಡೋಣ. ಇದರಲ್ಲಿ ಸುಳ್ಳಿಲ್ಲ, ಕಠೋರತೆಯೂ ಇಲ್ಲ. ದೂರವಾಣಿಯಲ್ಲಿ ಹೇಳುವುದಕ್ಕಿಂತ ಎದುರು ಕುಳಿತು ಹೇಳುವುದು ಲೇಸೆಂಬ ಸದುದ್ದೇಶವೂ ಇದೆ. ಆದರೆ ಇದರ ವಾಚ್ಯಾರ್ಥವೊಂದು, ವ್ಯಂಗ್ಯಾರ್ಥವೊಂದು. ಒಳ್ಳೆಯ ಸುದ್ದಿಗೆ ಮನೆಯವರು ಬೇಕಾಗುವುದಿಲ್ಲವೆಂಬುದನ್ನು ಅಕ್ಷರ ಬಾರದವರೂ ಬಲ್ಲರು. ಆನಂದವರ್ಧನನು ಧ್ವನಿಗೆ ಕೊಟ್ಟ ಲಕ್ಷಣಕ್ಕೆ ಇದಕ್ಕಿಂತ ನಿಷ್ಠುರವಾದ ಲಕ್ಷ್ಯವು ಸಿಗಲಾರದು. ಕೇಳಿದವರು ಅದನ್ನು ಒಳಗಿದ್ದವರಿಗೆ ಮುಟ್ಟಿಸುವ ಬಗೆಯೂ ಹೀಗೆಯೇ.

“ಏನಂದ್ರಪಾ ಡಾಕ್ಟ್ರು?”

“ಏನಿಲ್ಲಬೇ ಯವ್ವಾ. ಒಂದ್ಸಲ ಬಂದು ಹೋಗ್ರಿ ಅಂದಾರ.”

ಈ ಉತ್ತರದ ‘ಏನಿಲ್ಲ’ ಎಂಬುದಕ್ಕೆ ಕನ್ನಡದಲ್ಲಿ ಇರುವಷ್ಟು ಅರ್ಥಗಳು ಯಾವ ನಿಘಂಟಿನಲ್ಲಿಯೂ ಇಲ್ಲ.

ಒಂದೇ ವಾಕ್ಯಕ್ಕಾಗಿ ಕಾಯುವುದೂ, ಅದನ್ನು ಕೇಳಿ ಅರ್ಥ ಹಚ್ಚುವುದೂ ಈ ಸೀಮೆಗೆ ಹೊಸತಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕೊನೆಗೆ ಕಾರ್ಣಿಕೋತ್ಸವ ನಡೆಯುತ್ತದೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಗಟ್ಟಲೆ ಜನರ ಗದ್ದಲವು ಒಮ್ಮೆಗೇ ಅಡಗುತ್ತದೆ. ಆ ಮೌನದಲ್ಲಿ ಒಂದು ಚಿಕ್ಕ ವಾಕ್ಯವನ್ನು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯವು ಮಳೆಬೆಳೆಗೆ ಸಂಬಂಧಿಸಿತೋ, ರಾಜಕಾರಣಕ್ಕೋ ಎಂಬ ಚರ್ಚೆಯು ಆ ಮೇಲೆ ಊರೂರಲ್ಲಿ ನಡೆಯುತ್ತದೆ. ಇದನ್ನು ಜಾನಪದದ ಕೌತುಕವೆಂದು ತಳ್ಳಿಬಿಡುವುದು ಅವಿವೇಕ. ಕಾಯುವುದಕ್ಕೆ ಒಂದು ವಿಧಿಯನ್ನು ಮಾಡಿಕೊಟ್ಟ ಕಲೆಯಿದು. ಇಲ್ಲಿ ಎಲ್ಲರೂ ಒಟ್ಟಿಗೆ ಕಾಯುತ್ತಾರೆ, ಒಂದೇ ಕ್ಷಣದಲ್ಲಿ ಎಲ್ಲರೂ ಕೇಳುತ್ತಾರೆ. ಒಬ್ಬನು ಮೊದಲು ಕೇಳಿ ಉಳಿದವರಿಂದ ಮುಚ್ಚಿಡುವಂತಿಲ್ಲ. ವಾಕ್ಯವು ಒಗಟಾಗಿರುವುದರಿಂದ ಅರ್ಥದಲ್ಲಿ ಎಲ್ಲರಿಗೂ ಪಾಲಿದೆ.

ವೈದ್ಯರ ಕರೆಯಲ್ಲಿ ಇವು ಮೂರೂ ಇಲ್ಲ. ಕಾಯುವುದು ಮನೆಯೊಳಗೆ, ಗುಟ್ಟಾಗಿ. ಹೆಣ್ಣುಮಕ್ಕಳ ಮದುವೆಯ ಮಾತಿಗೆ ಅಡ್ಡಿಯಾದೀತೆಂದು ನೆರೆಯವರಿಗೂ ತಿಳಿಸದವರಿದ್ದಾರೆ. ಕೇಳುವವನು ಒಬ್ಬನೇ. ಇನ್ನು ಒಗಟು: ಮಳೆಯ ಕಾರ್ಣಿಕಕ್ಕೆ ಅದು ಶೋಭೆ, ರೋಗದ ಕಾರ್ಣಿಕಕ್ಕೆ ಅದು ಶೋಭೆಯಲ್ಲ. ಎರಡು ಅರ್ಥಗಳ ನಡುವೆ ಒಂದು ರಾತ್ರಿಯನ್ನು ಕಳೆಯಬೇಕಾದವನಿಗೆ ಶ್ಲೇಷವು ಅಲಂಕಾರವಾಗುವುದಿಲ್ಲ.

ಕರೆಯು ಬಾರದೆ ಹೋಗುವ ಸ್ಥಿತಿಯನ್ನು ಕನ್ನಡದಲ್ಲಿ ಅತ್ಯಂತ ಗಟ್ಟಿಯಾಗಿ ಬರೆದವರು ಅನಂತಮೂರ್ತಿಯವರು. 1965ರಲ್ಲಿ ಹೊರಬಂದ ‘ಸಂಸ್ಕಾರ’ದಲ್ಲಿ ವ್ಯಾಧಿಯು ಬೇರೆ, ಪ್ರಶ್ನೆಯೂ ಬೇರೆ, ಆದರೆ ಕಾಯುವ ಬಗೆಯು ಇದೇ. ನಾರಣಪ್ಪನ ಹೆಣವು ಅಗ್ರಹಾರದಲ್ಲಿ ಬಿದ್ದಿರುವಾಗ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಕಾಣದೆ ಮಾರುತಿಯ ಮುಂದೆ ಕುಳಿತು ಹೂವಿನ ಪ್ರಸಾದವನ್ನು ಬೇಡುತ್ತಾರೆ. ಬಲಗಡೆಯದು ಬಿದ್ದರೆ ಒಂದು, ಎಡಗಡೆಯದಾದರೆ ಇನ್ನೊಂದು. ಹಗಲೆಲ್ಲ ಕಳೆದರೂ ಹೂವು ಬೀಳುವುದಿಲ್ಲ. ಆ ಕಾದಂಬರಿಯ ಧರ್ಮವಿಚಾರದ ಬಗ್ಗೆ ಬೇಕಾದಷ್ಟು ವಾದಗಳಾಗಿವೆ. ಸಂಪ್ರದಾಯದ ಪಕ್ಷದಿಂದ ಆಕ್ಷೇಪಿಸತಕ್ಕ ಸ್ಥಳಗಳೂ ಅದರಲ್ಲಿ ಕೆಲವುಂಟು. ಆದರೆ ಈ ಒಂದು ಪ್ರಕರಣದಲ್ಲಿ ಲೇಖಕರು ತೋರಿದ ಸಂಯಮವು ಅಸಾಮಾನ್ಯವಾದುದು. ಆಚಾರ್ಯರು ಅಳುವುದಿಲ್ಲ, ಮಂತ್ರವನ್ನು ಹೇಳುತ್ತಾರೆ, ಬೇಡುತ್ತಾರೆ, ಮನೆಯಲ್ಲಿ ರೋಗಿಷ್ಠೆಯಾದ ಹೆಂಡತಿಗೆ ಔಷಧದ ಹೊತ್ತಾಯಿತೆಂದು ನೆನೆಯುತ್ತಾರೆ. ಶಂಕೆಯು ಕರುಣಕ್ಕೆ ಜಾರದಂತೆ ಹಿಡಿದು ನಿಲ್ಲಿಸುವುದೆಂದರೆ ಇದು. ಹೂವು ಬೀಳದುದೇ ಕಥೆಯನ್ನು ಮುಂದಕ್ಕೆ ನಡೆಸುತ್ತದೆ.

ಕ್ಯಾನ್ಸರನ್ನೇ ಅನುಭವಿಸಿ ಬರೆದವರ ಮಾತು ಬೇರೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ಇದೇ ವ್ಯಾಧಿಯಿಂದ 1991ರಲ್ಲಿ ತೀರಿಕೊಂಡರು. ಹೆಂಗಸರ ದೇಹದ ಬಗ್ಗೆ ಕನ್ನಡದಲ್ಲಿ ಸಂಕೋಚವಿಲ್ಲದೆ ಬರೆಯುವ ದಾರಿಯನ್ನು ಅವರ ಆರೋಗ್ಯಗ್ರಂಥಗಳು ತೆರೆದಿದ್ದುವು. ಆ ದಾರಿಯಲ್ಲಿ ಬಂದ ಈಚಿನ ಗ್ರಂಥ ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’. ಸ್ತನದ ಕ್ಯಾನ್ಸರಿನ ಅನುಭವಕಥನ. ಅದರ ಹೆಸರೊಂದನ್ನೇ ವಿಮರ್ಶಿಸಿದರೂ ಸಾಲದು. ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಬುದ್ಧನು ಕಿಸಾಗೋತಮಿಯನ್ನು ಕಳುಹಿಸಿದನು. ಅವಳು ಬರಿಗೈಯಲ್ಲಿ ಬಂದಳು. ಇಲ್ಲಿ ತಂದವಳಿದ್ದಾಳೆ. ಪುರಾಣಕಥೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ತಿರುಗಿಸಿಟ್ಟುದು ಲೇಖಕಿಯ ದಿಟ್ಟತನ. ವ್ಯಾಧಿಯ ವಿಷಯದಲ್ಲಿ ನಗೆಯಾಡುವುದು ಅನೌಚಿತ್ಯವೆಂದು ಹೇಳುವ ಹಿರಿಯರಿದ್ದಾರೆ. ಅವರು ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರನ್ನು ನೆನೆಯಬೇಕು. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟವರಿಗೆ, ಭಯವೂ ನಗೆಯೂ ಒಂದೇ ಮನೆಯಲ್ಲಿ ವಾಸಿಸುವುದು ತಿಳಿದಿತ್ತು. ಫಲಕ್ಕಾಗಿ ಕಾಯುವ ಮನೆಯಲ್ಲಿ ತಪ್ಪು ಸಂಖ್ಯೆಯ ಕರೆಯೊಂದು ಬಂದು, ಸಾಲ ಬೇಕೇ ಎಂದು ಯಾರೋ ಕೇಳಿದಾಗ ಏಳುವ ನಗೆಗೆ ಎಡೆಯಿಲ್ಲದ ಕಥೆಯು ಅರ್ಧ ಕಥೆ.

ಅಮೆರಿಕದ ಸೂಸನ್ ಸೊಂಟಾಗ್ ಎಂಬ ವಿದುಷಿಯು ತಾನೇ ಈ ರೋಗಕ್ಕೆ ಚಿಕಿತ್ಸೆ ಪಡೆದು, ರೋಗವನ್ನು ರೂಪಕವಾಗಿ ಬಳಸುವುದನ್ನು 1978ರ ಗ್ರಂಥದಲ್ಲಿ ಖಂಡಿಸಿದಳು. ಲಂಚವನ್ನೂ ಜಾತಿಯನ್ನೂ ‘ಸಮಾಜದ ಕ್ಯಾನ್ಸರ್’ ಎನ್ನುವ ಕನ್ನಡದ ಭಾಷಣಕಾರರು ಅದನ್ನು ಓದಿದರೆ ಒಳ್ಳೆಯದು. ಸಭೆಯ ಕೊನೆಯ ಸಾಲಿನಲ್ಲಿ ಕುಳಿತು ಕರೆಗಾಗಿ ಕಾಯುತ್ತಿರುವವನ ಕಿವಿಗೆ ಆ ರೂಪಕವು ಹೇಗೆ ಬೀಳುತ್ತದೆಂಬ ಎಣಿಕೆ ಅವರಿಗಿಲ್ಲ.

ಪದಗಳ ವಿಚಾರ ಬಂದುದರಿಂದ ಹೆಸರನ್ನೂ ನೋಡತಕ್ಕದ್ದು. ಸುಶ್ರುತನು ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳೊಡನೆ ಅರ್ಬುದವನ್ನು ವರ್ಣಿಸಿ, ಅದು ನಿಧಾನವಾಗಿ ಬೆಳೆಯುವುದೆಂದೂ ಕೀವಾಗದೆಂದೂ ಹೇಳಿ, ಒಂದರ ಮೇಲೊಂದು ಹುಟ್ಟಿದರೆ ಅಧ್ಯರ್ಬುದವೆಂದು ಹೆಸರಿಟ್ಟನು. ಅರ್ಬುದವೆಂಬುದು ಹತ್ತು ಕೋಟಿಯ ಸಂಖ್ಯೆಗೂ ಹೆಸರು. ಜೀವಕೋಶಗಳು ಲೆಕ್ಕವಿಲ್ಲದೆ ಹೆಚ್ಚುವ ರೋಗಕ್ಕೆ ಆಕಸ್ಮಿಕವಾಗಿಯಾದರೂ ಒಪ್ಪುವ ಹೆಸರು. ಗ್ರೀಕರ ಏಡಿಯನ್ನು ಕನ್ನಡಕ್ಕೆ ತಂದು ‘ಏಡಿಗಂತಿ’ ಎಂದವರೂ ಇದ್ದಾರೆ. ಎರಡೂ ನಿಘಂಟಿನಲ್ಲಿ ಉಳಿದುವು. ಮನೆಯ ಮಾತಿನಲ್ಲಿ ಅದು ‘ಗಡ್ಡೆ’, ‘ಹುಣ್ಣು’, ಕೊನೆಗೆ ಬರಿಯ ‘ಆ ಜಡ್ಡು’. ಇವೆಲ್ಲಕ್ಕಿಂತ ಹಾನಿಕರವಾದುದು ವೃತ್ತಪತ್ರಿಕೆಗಳ ‘ಮಾರಕ ರೋಗ’ವೆಂಬ ವಿಶೇಷಣ. ಮ್ಯಾಲಿಗ್ನಂಟ್ ಎಂಬುದಕ್ಕೆ ಮಾರಕವೆಂದು ಕನ್ನಡಿಸಿದರೆ, ಬೇಗ ಕಂಡುಹಿಡಿದರೆ ಗುಣವಾಗತಕ್ಕ ಎಷ್ಟೋ ಗಂಟುಗಳಿಗೆ ಅನುವಾದಕನೇ ಮರಣಶಾಸನವನ್ನು ಬರೆದಂತಾಗುತ್ತದೆ. ಹರಡುವ ಗಂಟು, ಹರಡದ ಗಂಟು ಎಂದರೆ ಸಾಕು. ಅಜ್ಜಿಗೂ ಅರ್ಥವಾಗುತ್ತದೆ, ಶಾಸ್ತ್ರಕ್ಕೂ ಭಂಗವಿಲ್ಲ.

ಇನ್ನು ‘ಪಾಸಿಟಿವ್’, ‘ನೆಗೆಟಿವ್’ಗಳ ತೊಡಕು. ಒಳ್ಳೆಯದಕ್ಕೆ ಪಾಸಿಟಿವ್ ಎಂದು ಶಾಲೆಯಲ್ಲಿ ಕಲಿತವನಿಗೆ ಆಸ್ಪತ್ರೆಯಲ್ಲಿ ಅದು ತಲೆಕೆಳಗಾಗುತ್ತದೆ. 2020ರ ಕೊರೋನಾ ಕಾಲವು ಈ ತಿರುಗುಮುರುಗನ್ನು ಹಳ್ಳಿಹಳ್ಳಿಗೂ ಕಲಿಸಿತು. ಆದರೆ ಸ್ತನದ ಕ್ಯಾನ್ಸರಿನಲ್ಲಿ ಹಾರ್ಮೋನ್ ಗ್ರಾಹಕಗಳು ಪಾಸಿಟಿವ್ ಎಂದು ಬಂದರೆ ಮಾತ್ರೆಯ ಚಿಕಿತ್ಸೆಯೂ ಒದಗುವ ಆಸೆಯಿದೆ. ಅಲ್ಲಿ ಅದು ಮತ್ತೊಮ್ಮೆ ತಲೆಕೆಳಗಾಗುತ್ತದೆ. ಒಂದೇ ಕಾಗದದಲ್ಲಿ ಒಂದೇ ಪದವು ಮೇಲಿನ ಸಾಲಿನಲ್ಲಿ ಕೇಡನ್ನೂ ಕೆಳಗಿನ ಸಾಲಿನಲ್ಲಿ ಸಮಾಧಾನವನ್ನೂ ಹೇಳುವಾಗ, ಮಗನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಓದಿ ಯಾವುದನ್ನು ಮನೆಗೆ ಒಯ್ಯಬೇಕು?

ಹೆಚ್ಚಾಗಿ ಅವನು ಯಾವುದನ್ನೂ ಒಯ್ಯುವುದಿಲ್ಲ. ರೋಗಿಗೆ ತಿಳಿಸಬಾರದೆಂಬುದು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಲಿಖಿತ ನಿಯಮ. ಇದನ್ನು ಪಟ್ಟಣದವರು ಅಜ್ಞಾನವೆನ್ನುತ್ತಾರೆ, ಹಳಬರು ಪ್ರೀತಿಯೆನ್ನುತ್ತಾರೆ. ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ಇಬ್ಬರ ವಾದದಲ್ಲಿಯೂ ರೋಗಿಯೇ ಇಲ್ಲ. ಮುಚ್ಚಿಟ್ಟ ವಾರ್ತೆಯನ್ನು ರೋಗಿಯು ಅರಿಯನೆಂದು ತಿಳಿಯುವುದು ಸಹೃದಯನ ಶಕ್ತಿಯನ್ನು ಅರಿಯದವನ ಮಾತು. ಇದ್ದಕ್ಕಿದ್ದಂತೆ ಬೀಗರು ಬಂದು ಕುಶಲ ಕೇಳಿದರೆ, ಎಂದೂ ಇಲ್ಲದೆ ಸೊಸೆಯು ತಟ್ಟೆಗೆ ತುಪ್ಪ ಬಡಿಸಿದರೆ, ಮೊಮ್ಮಗನನ್ನು ಹಾಸಿಗೆಯ ಹತ್ತಿರ ಆಡಗೊಡದಿದ್ದರೆ, ಅವಳಿಗೆ ಮಧುವನದ ಸುದ್ದಿ ಬಂದಂತೆಯೇ. ಅವಳು ತಿಳಿದೂ ತಿಳಿಯದಂತಿರುತ್ತಾಳೆ. ಮಕ್ಕಳು ಅವಳಿಗೆ ತಿಳಿಯದೆಂದು ನಂಬಿದಂತಿರುತ್ತಾರೆ. ಎರಡು ಕಡೆಯೂ ನಟಿಸುತ್ತಿರುವ ಈ ನಾಟಕಕ್ಕೆ ರಂಗಭೂಮಿಯು ಬೇಕಾಗಿಲ್ಲ. ರಂಗಭಾರತಿಯನ್ನು ಕಟ್ಟಿದ ಹಡಗಲಿಯ ನೆಲದಲ್ಲಿ ಇದನ್ನು ಬರೆಯಬಲ್ಲ ನಾಟಕಕಾರನು ಹುಟ್ಟಿಬರುವುದು ಅಸಂಭವವೇನೂ ಅಲ್ಲ.

ಬರೆಯುವವನು ಮರಣಶಯ್ಯೆಯಿಂದಲೂ ವೈದ್ಯನ ಕನ್ನಡಕದಿಂದಲೂ ದೂರ ನಿಂತು, ಮಾಂಸಖಂಡದೊಡನೆ ಪರೀಕ್ಷಾಲಯಕ್ಕೆ ಹೋಗುವ ಚೀಟಿಯಿಂದ ಆರಂಭಿಸಿದರೆ ಲೇಸು. ಅದರಲ್ಲಿ ಹೆಸರು, ವಯಸ್ಸು, ತೆಗೆದ ಅಂಗ, ದೂರವಾಣಿ ಸಂಖ್ಯೆ ಎಂದು ಕೆಲವೇ ಕೋಷ್ಟಕಗಳಿರುತ್ತವೆ. ಹೆಸರು ತಾಯಿಯದು, ಸಂಖ್ಯೆ ಮಗನದು. ಅಂಥ ಕಥೆಯಲ್ಲಿ, ಎಂಟನೆಯ ದಿನ ಮಗನು ಈರುಳ್ಳಿಯ ಹೊಲಕ್ಕೆ ಹೋಗಿರಲಿ. ಚಾರ್ಜಿಗೆ ಹಾಕಿದ ಫೋನು ಪಡಸಾಲೆಯ ಗೂಡಿನಲ್ಲಿಯೇ ಉಳಿದಿರಲಿ. ಅದು ಸದ್ದು ಮಾಡಿದಾಗ ಎತ್ತುವವಳು ತಾಯಿಯೇ. ಇಂಥವರೇ ಮಾತಾಡುತ್ತಿರುವುದೆಂದು ಅವಳು ತನ್ನ ಹೆಸರನ್ನು ಹೇಳಿದ ಮೇಲೆ ಆ ಕಡೆಯ ವೈದ್ಯನು ಯಾವ ಪದವನ್ನು ಮೊದಲಿಡುವನೆಂಬುದನ್ನು ನಿರ್ಧರಿಸಬಲ್ಲ ಲೇಖಕನಿಗೆ ಐದೂ ತಾಲ್ಲೂಕುಗಳಲ್ಲಿ ವಾಚಕರಿದ್ದಾರೆ.